ಗೋಡೆಯಾಚೆಯ ಕಳಲೆ

ಜೂನ್ 9, ಬೆಳಿಗ್ಗೆ

ಅತ್ತಿಗೆ ಮತ್ತೆ ಗುಡಿಸಿದ್ದಾಳೆ. ಬಿದಿರ ಮೆಳೆಯ ಬುಡಕ್ಕೆ ನಿನ್ನೆ ಹರಡಿದ್ದ ತರಗೆಲೆಯೆಲ್ಲ ಮೂಲೆಯಲ್ಲಿ ರಾಶಿ. ಬೆಂಕಿಯನ್ನೂ ಇಟ್ಟಾಗಿದೆ. ಬುಡ ತಂಪಾಗಿರಲಿ ಅಂತ ಹರಡಿದ್ದು, ಎಂದೆ. ಎಂದೆ ಅಂದರೆ... ಗೊಣಗಿದೆ.

“ಹಾವು ಸೇರ್ಕೊಂಡ್ರೆ ನಿನ್ನ ಎಂ.ಎ. ಬಂದು ಹಿಡಿಯುತ್ತಾ?”

ತಕ್ಕ ಉತ್ತರ ಈಗ ಹೊಳೆಯುತ್ತಿದೆ.

ಮೊನ್ನೆಯ ಬಿರುಗಾಳಿಗೆ ಅರ್ಧ ಮೆಳೆ ಮಲಗಿತ್ತು. ಮುರಿದ ಗಳಗಳನ್ನು ಗೆಣ್ಣಿಗೆ ಸರಿಯಾಗಿ ಕೊಯ್ದೆ — ನೀರು ನಿಂತು ಕೊಳೆಯಬಾರದು. ಬಾಗಿದವನ್ನು ಎತ್ತಿ, ಹಳೇ ಸೈಕಲ್ ಟ್ಯೂಬಿನಿಂದ ನನ್ನ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಅಂಗೈ ತುಂಬ ಸಿಬಿರು.

ಅಣ್ಣನಿಗೆ ಆ ಜಾಗದಲ್ಲಿ ಕಾರು ನಿಲ್ಲಿಸಬೇಕು. “ಈ ತಿಂಗಳೊಳಗೆ ಬುಡದಲ್ಲಿ ಹೊಸ ಕಳಲೆ ಮೊಳೆತ್ರೆ ಇರ್ಲಿ. ಇಲ್ದಿದ್ರೆ ಬೇರುಸಮೇತ ಕೀಳಿಸ್ತೀನಿ, ಅಷ್ಟೇ.” ನಾನು ಸೋಲುತ್ತೇನೆ ಎಂದು ಖಾತ್ರಿಯಾದರೆ ಮಾತ್ರ ಪಂದ್ಯ ಕಟ್ಟುತ್ತಾನೆ. ಚಿಕ್ಕಂದಿನಿಂದಲೂ.

ಜೂನ್ 11

ಪಕ್ಕದ ಮನೆಯ ಇನ್ಸ್‌ಪೆಕ್ಟರ್. ಹೆಸರು ನಾನಿಟ್ಟದ್ದು — ರಿಟೈರಾದ ಮೇಲೆ ಬಾಲ್ಕನಿಯಲ್ಲೇ ಡ್ಯೂಟಿ. ಮೆಳೆ ನೆಟ್ಟಗಿದ್ದಾಗ ನನ್ನ ಕೋಣೆ ಅವನಿಗೆ ಕಾಣುತ್ತಿರಲಿಲ್ಲ. ಈಗ ಮಂಚ, ಪುಸ್ತಕ, ನಾನು, ಎಲ್ಲ ಪ್ರದರ್ಶನಕ್ಕೆ.

ಇವತ್ತು ಗೇಟಿನ ಹತ್ತಿರ ಹಿಡಿದ. “ಏನಮ್ಮಾ, ಹಗಲೆಲ್ಲ ಮಲ್ಕೊಂಡೇ ಓದ್ತೀಯಲ್ಲ. ಕೆಲಸ ಗಿಲಸ ಸಿಗ್ಲಿಲ್ವಾ?”

ನಕ್ಕೆ. ಯಾಕೆ ನಕ್ಕೆ? ಥೂ.

ಇರುವುದೊಂದೇ ಕಿಟಕಿ. ಪರದೆ ಎಳೆದರೆ ಉಸಿರು ಕಟ್ಟುತ್ತದೆ. ಬಿದಿರು ಬದುಕಲೇಬೇಕು.

ಜೂನ್ 20

ವಾರವಿಡೀ ಮಳೆ. ನಮ್ಮ ಕಡೆ ಒಂದು ಕಳಲೆಯೂ ಇಲ್ಲ. ಆದರೆ ಗೋಡೆಯಾಚೆ, ಇನ್ಸ್‌ಪೆಕ್ಟರ್ ಅಂಗಳದ ಅಂಚಿನಲ್ಲಿ, ಕಂದು ಬಣ್ಣದ ಎರಡು ಚೂಪು ತಲೆ! ಬೇರು ಗೋಡೆಯಡಿ ನುಸುಳಿದೆ. ನಮ್ಮ ಬಿದಿರು ಹೋಗಿ ಹೋಗಿ ಶತ್ರುವಿನ ಮನೆಯಲ್ಲಿ ಹೆತ್ತಿದೆ.

ಅಣ್ಣನಿಗೆ ಹೇಳಿದೆ. “ಅಲ್ಲಿ ಬಂದಿದ್ದು ಅವನ ತಲೆನೋವು. ನಾನು ಹೇಳಿದ್ದು ನಮ್ಮ ಜಾಗದ್ದು” ಎಂದು ಊಟ ಮುಂದುವರಿಸಿದ.

ಇನ್ಸ್‌ಪೆಕ್ಟರ್ ಕಣ್ಣಿಗೆ ಬಿದ್ದರೆ ತುಳಿದೇ ಹಾಕುತ್ತಾನೆ. ಕಿಟಕಿ ಬಿಟ್ಟು ಏಳುತ್ತಿಲ್ಲ. ಅವನು ಆ ಕಡೆ ಸುಳಿದಾಗಲೆಲ್ಲ ದುರುಗುಟ್ಟಿ ನೋಡುತ್ತೇನೆ. ಬಾಯಿಗೆ ಬಾರದ್ದೆಲ್ಲ ಕಣ್ಣಿಗೆ ಬರುತ್ತದೆ.

ಜೂನ್ 26

ಕಳಲೆಗಳ ಸುತ್ತ ಇಟ್ಟಿಗೆ. ಬುಡಕ್ಕೆ ತರಗೆಲೆ. ಇನ್ಸ್‌ಪೆಕ್ಟರೇ ಬಗ್ಗಿ ಹರಡುತ್ತಿದ್ದ!

ಗೋಡೆಯ ತನಕ ಹೋದೆ. ಗಂಟಲು ಸರಿಮಾಡಿಕೊಂಡು, “ಥ್ಯಾಂಕ್ಸ್ ಅಂಕಲ್.”

“ನಿನಗೋಸ್ಕರ ಅಲ್ಲಮ್ಮ. ಹೊತ್ತಿಲ್ಲ ಗೊತ್ತಿಲ್ಲ, ಆ ಕಿಟಕೀಲಿ ಗೂಬೆ ಥರ ಕೂತಿರ್ತೀಯ. ನಮ್ಮ ಮನೆಯವಳು ಬಟ್ಟೆ ಒಣಹಾಕೋಕೂ ಹೊರಗೆ ಬರ್ತಿಲ್ಲ. ಇದು ಬೇಗ ಬೆಳೀಲಿ, ನಿನ್ನ ಮುಖ ನೋಡೋದು ತಪ್ಪುತ್ತೆ.”

ನಾನು? ನಾನು ನೋಡುವುದೇ?

ಜೂನ್ 30, ಬೆಳಿಗ್ಗೆ

ಅಣ್ಣ ಕರೆಸಿದ ಇಬ್ಬರು ಗುದ್ದಲಿ ಹಿಡಿದು ಬಂದರು. ಬೇರು ಒಂದೇ, ಇಲ್ಲಿ ಕಿತ್ತರೆ ಅಲ್ಲಿಯ ಎಳೆಯವು ಒಣಗುತ್ತವೆ. ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಮೇಲಿಂದ ಇನ್ಸ್‌ಪೆಕ್ಟರ್ ತಲೆ ಎದ್ದಿತು.

“ಏಯ್, ನಿಲ್ಸಯ್ಯಾ! ಬೇರು ಕಿತ್ರೆ ಗೋಡೆ ಅಳತೆ ಮಾಡಿಸ್ತೀನಿ. ನನ್ನ ಜಾಗಕ್ಕೆ ಎಷ್ಟು ಒತ್ತಿದೆ ಅಂತ ಗೊತ್ತು ನಂಗೆ!”

“ಬಿದಿರು ನಮ್ದು ಕಣ್ರೀ!” ಅಣ್ಣನ ಕೂಗು.

“ಬಿದಿರು ನಿಮ್ದು, ಕಳಲೆ ನಂದು!”

ಅಣ್ಣ ನನ್ನ ಕಡೆ ತಿರುಗಿದ. “ನೀನೇನಾ ಇವನನ್ನ ಎತ್ತಿಕಟ್ಟಿದ್ದು? ಯಾರ ಕಡೆಯವಳೇ ನೀನು?”

ಈ ಡೈರಿ ಹಿಡಿದು ಹೋಗಿ ಮೆಳೆಯ ಬುಡದಲ್ಲಿ ಕೂತೆ. ಇಲ್ಲೇ ಕೂತು ಬರೆಯುತ್ತಿದ್ದೇನೆ. ಯಾರ ಮುಖವನ್ನೂ ನೋಡದಿರಲು ಬೇರೆ ದಾರಿಯಿಲ್ಲ. ಗುದ್ದಲಿಯವರು ಬೀಡಿ ಹಚ್ಚಿದ್ದಾರೆ. ಅತ್ತಿಗೆ ಬಾಗಿಲಲ್ಲಿ, “ಅಯ್ಯೋ, ಹಾವಿರುತ್ತೆ, ಏಳೇ!” ಇನ್ಸ್‌ಪೆಕ್ಟರ್ ಆಚೆಯಿಂದ, “ಕೂತ್ಕೋ ಗೂಬೆ, ಕೂತ್ಕೋ!”

ಅಣ್ಣ ತೋಳೇರಿಸಿಕೊಂಡು ಬರುತ್ತಿದ್ದಾನೆ. ಬರಲಿ. ನಾನು ಏಳುವು—