ಏಳನೇ ಮಹಡಿಯಲ್ಲಿ ಅಮ್ಮ

ಫೆಬ್ರವರಿ ೬

ಇವತ್ತು ಮತ್ತೆ ಚಿತ್ರದ ಆಕಾಶ ಬದಲಿಸಿದೆ. ಬಾಸ್‌ಗೆ ಮೋಡ ಬೇಕಂತೆ, ಆದರೆ ಮಳೆ ತರುವ ಮೋಡ ಬೇಡವಂತೆ. ಹುಡುಕಿ ಹುಡುಕಿ ಅಂಥದ್ದೊಂದು ಹಾಕಿದೆ. ಮಧ್ಯಾಹ್ನ ಬಿಲ್ಡರ್ ಫೋನ್ ಮಾಡಿ ಮೋಡವೇ ಬೇಡ ಎಂದ. ಹಲ್ಲು ಕಡಿದುಕೊಂಡು ಅಳಿಸಿದೆ.

ಇನ್ನೂ ಕಟ್ಟಿರದ ಹತ್ತು ಮಹಡಿಯ ಅಪಾರ್ಟ್‌ಮೆಂಟ್. ಮುಂದೆ ತೋಟ, ಕಾರಂಜಿ. ಬೆಳೆಯಲು ಒಂದು ತಲೆಮಾರು ಬೇಕಾದಂಥ ಮರಗಳು, ನಾನು ಒಂದು ಕ್ಲಿಕ್ಕಿಗೆ ನೆಟ್ಟದ್ದು. ಇನ್ನು ಜನ ಹಾಕುವುದು ಬಾಕಿ. ಬಾಲ್ಕನಿಯಲ್ಲಿ ಯಾರಾದರೂ ನಿಂತರೇ ಕಟ್ಟಡ ಎಷ್ಟು ದೊಡ್ಡದು ಎಂದು ನೋಡುವವರಿಗೆ ಗೊತ್ತಾಗುವುದು. ಆಫೀಸಿನ ಕಂಪ್ಯೂಟರಿನಲ್ಲಿರುವ ಜನರೆಲ್ಲ ಒಂದೇ ಥರ. ಉದ್ದ ಕಾಲು, ಬಿಳಿ ಹಲ್ಲು, ಕೈಯಲ್ಲಿ ಕಾಫಿ ಲೋಟ. ಒಬ್ಬರಿಗೂ ಮೊಣಕಾಲು ನೋವಿಲ್ಲ.

ರೇಗಿಹೋಯಿತು. ನನ್ನ ಫೋನಿನಿಂದ ಅಮ್ಮನ ಫೋಟೊ ತೆಗೆದು, ಕತ್ತರಿಸಿ, ಏಳನೇ ಮಹಡಿಯ ಬಾಲ್ಕನಿಯಲ್ಲಿ ನಿಲ್ಲಿಸಿದೆ. ನಮ್ಮ ತಾರಸಿಯಲ್ಲಿ ತೆಗೆದದ್ದು. ನೀಲಿ ಸ್ವೆಟರ್. ಮೋಟುಗೋಡೆ ಹಿಡಿದು ಕೆಳಗೆ ಬಗ್ಗಿದ್ದಾಳೆ. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದವನನ್ನು ಬಯ್ಯಲು ಬಾಯಿ ತೆರೆದಿದ್ದಳು ಆಗ. ಇಲ್ಲಿ ತೋಟ ನೋಡಿ ನಗುತ್ತಿರುವ ಹಾಗೆ ಕಾಣುತ್ತಾಳೆ.

ಫೆಬ್ರವರಿ ೯

"ಆ ಅಜ್ಜಿ ಸೂಪರ್. ಎಲ್ಲಿ ಸಿಕ್ಕಿದ್ರು?" ಎಂದರು ಬಾಸ್.

"ಮನೇಲಿ" ಎಂದೆ. ತಮಾಷೆ ಎಂದುಕೊಂಡರು.

ಚಿತ್ರ ಪಾಸಾಯಿತು. ಕಟ್ಟಡ ಆಗುತ್ತದೋ ಇಲ್ಲವೋ, ಚಿತ್ರ ಮಾತ್ರ ಪಾಸಾಗುತ್ತದೆ. ನದಿ ಮೇಲೆ ಹೂದೋಟದ ಸೇತುವೆ ಮಾಡಿಕೊಟ್ಟೆ — ಮೇಯರ್ ಬದಲಾದರು, ಸೇತುವೆ ನೆಗೆದುಬಿತ್ತು. ಗಾಜಿನ ಲೈಬ್ರರಿ — ಆ ಜಾಗದಲ್ಲೀಗ ಲಾರಿ ನಿಲ್ಲುತ್ತವೆ. ದುಂಡನೆಯ ಬಸ್ ನಿಲ್ದಾಣ, ಮೇಲೆ ಮಕ್ಕಳ ಆಟದ ಬಯಲು... ಪತ್ರಿಕೆಯ ಮುಖಪುಟದಲ್ಲಿ ಬಂತು, ಅಷ್ಟೇ. ಈ ಕುರ್ಚಿಯಲ್ಲಿ ಕೂತು ನಾನು ಅರ್ಧ ಊರು ಕಟ್ಟಿದ್ದೇನೆ. ನಿಜವಾಗಿ ಮೇಲೆದ್ದದ್ದು ಒಂದೇ ಒಂದು ಪೆಟ್ರೋಲ್ ಬಂಕ್. ಗಾಳಿಗೋಪುರ ಕಟ್ಟಬೇಡ ಎಂದು ಜನ ಬಯ್ಯುತ್ತಾರೆ. ನನಗೆ ಅದಕ್ಕೇ ಸಂಬಳ.

ಸಂಜೆ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು.

"ನನ್ನನ್ನ ಒಂದು ಮಾತು ಕೇಳ್ದೆ ಅಷ್ಟೆತ್ತರ ಹತ್ತಿಸಿದೀಯಲ್ಲೇ! ತಲೆ ಬೇರೆ ಬಾಚಿರಲಿಲ್ಲ ಅವತ್ತು."

ಮಾರ್ಚ್ ೧೮

ಮಾರುಕಟ್ಟೆ ರಸ್ತೆಯ ಖಾಲಿ ಸೈಟಿಗೆ ತಗಡಿನ ಬೇಲಿ ಬಂದಿದೆ. ಬೇಲಿ ಮೇಲೆ ಹೋರ್ಡಿಂಗ್. ಏಳನೇ ಮಹಡಿಯ ಬಾಲ್ಕನಿಯನ್ನೇ ಹಿಗ್ಗಿಸಿ ಹಾಕಿದ್ದಾರೆ, ಅಮ್ಮ ಆಳೆತ್ತರ ಇದ್ದಾಳೆ. ಬಸ್ಸಿನ ಕಿಟಕಿಯಿಂದ ನೋಡಿ ತಲೆ ಒಳಗೆಳೆದುಕೊಂಡೆ. ಬಯ್ಯುವ ಮುಖ ನನಗೆ ಗೊತ್ತಲ್ಲ.

ಅಣ್ಣ ಅತ್ತಿಗೆ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿದರಂತೆ. ಪಕ್ಕದ ಹಣ್ಣಿನಂಗಡಿಯವನು ಅಮ್ಮನನ್ನೂ ಹೋರ್ಡಿಂಗನ್ನೂ ನೋಡಿ, ದುಡ್ಡು ತೆಗೆದುಕೊಳ್ಳದೆ ಎರಡು ಸೇಬು ಕೊಟ್ಟನಂತೆ. ಅಮ್ಮ ಇದನ್ನು ಊಟಕ್ಕೆ ಕೂತಾಗ ಹೇಳಿದಳು, ಕೈ ತೊಳೆಯುವಾಗ ಇನ್ನೊಂದು ಸಲ ಹೇಳಿದಳು.

ಏಪ್ರಿಲ್ ೨, ಭಾನುವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಅಣ್ಣ ಬಂದಿದ್ದ, ಜೊತೆಗೆ ಅತ್ತಿಗೆಯೂ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್ ಅವನು. ಊರಿನವರನ್ನೆಲ್ಲ ಮೇಲಕ್ಕೆ ಹತ್ತಿಸುತ್ತಾನೆ, ತಾನಿರುವುದು ನೆಲದ ಮೇಲಿನ ಬಾಡಿಗೆ ಮನೆಯಲ್ಲಿ. ಕೂತವನೇ ಸಿಹಿ ಸುದ್ದಿ ಕೊಡುವ ಹಾಗೆ ಹೇಳಿದ:

"ಅಮ್ಮ ನಿಂತಿರೋ ಮನೇನೇ ಬುಕ್ ಮಾಡ್ದೆ. ಏಳನೇ ಮಹಡಿ. ನಾವೆಲ್ಲ ಒಟ್ಟಿಗೆ ಇರೋಣ. ಈ ಮನೆ ಮಾರಿದ್ರೆ ಸರಿಹೋಗುತ್ತೆ."

ಈ ಮನೆ ಎಂದರೆ ಅಮ್ಮನ ಮನೆ. ಅಪ್ಪ ಅವಳ ಹೆಸರಿಗೆ ಬರೆದಿಟ್ಟು ಹೋದದ್ದು. ಎರಡು ಕೋಣೆ, ಒಂದು ತಾರಸಿ. ಅಮ್ಮನಿಗೆ ಅಂತ ಇರುವುದು ಇದೊಂದೇ.

"ಅದು ಮನೆ ಅಲ್ಲ ಕಣೋ. ನಾನು ಮಾಡಿದ ಚಿತ್ರ."

"ನೀನು ಮಾಡಿದ್ದು ಅಂತಾನೇ ಬುಕ್ ಮಾಡಿದ್ದು. ಬೇರೆಯವರು ಮಾಡಿದ್ರೆ ನಂಬ್ತಿದ್ನಾ?"

"ಆ ಬಿಸಿಲೂ ನಾನೇ ಮಾಡಿದ್ದು! ಹಿಂದುಗಡೆ ಗೋಡೇನೇ ಇಲ್ಲ ಅದಕ್ಕೆ. ಚಿತ್ರದಲ್ಲಿ ಕಾಣಲ್ಲ ಅಂತ ನಾನು ಹಾಕೇ ಇಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕ. "ಕಟ್ಟೋವಾಗ ಅವರು ಹಾಕ್ತಾರೆ ಬಿಡು."

ಅತ್ತಿಗೆ ನಗಲಿಲ್ಲ. "ನಿಮಗೆ ಯಾವುದೂ ಒಳ್ಳೇದು ಅಂತ ಅನ್ಸೋದೇ ಇಲ್ವಲ್ಲ" ಎಂದಳು. ಮನೆಯಲ್ಲಿ ನನ್ನ ನಾಲಿಗೆಗೆ ಅಂಥ ಹೆಸರಿದೆ. ಮಳೆ ಬರಬಹುದು ಎಂದರೂ ಹೊಟ್ಟೆಕಿಚ್ಚು ಅನ್ನುತ್ತಾರೆ.

ಅವರು ಹೊರಟ ಮೇಲೆ ಅಮ್ಮ ಮೊಣಕಾಲು ನೀವಿಕೊಳ್ಳುತ್ತ ಒಂದೇ ಮಾತು ಹೇಳಿದಳು: "ಲಿಫ್ಟ್ ಇರುತ್ತಂತೆ ಕಣೇ."

ಏಪ್ರಿಲ್ ೪

ಬಾಸ್‌ನ ಕೇಳಿಯೇಬಿಟ್ಟೆ. "ಅವರು ನಿಜವಾಗ್ಲೂ ಕಟ್ತಾರಾ ಸರ್?"

"ದುಡ್ಡು ಬಂದ್ರೆ ಕಟ್ತಾರೆ."

"ಬರದಿದ್ರೆ?"

"ನಮ್ಮ ಬಿಲ್ ಕೊಟ್ಟಾಯ್ತಲ್ಲ. ನಿಮಗ್ಯಾಕೆ ಆ ಚಿಂತೆ?"

ಅಣ್ಣನಿಗೆ ಫೋನ್ ಮಾಡಿ ಅಕ್ಷರಕ್ಕೆ ಅಕ್ಷರ ಒಪ್ಪಿಸಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಮ್ಮನಿಗೂ ಹೇಳಿದೆ, ಸಹಿ ಮಾಡಬೇಡ ಎಂದೆ. "ಅವನಿಗೆ ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೋತಾನೆ" ಎಂದಳು. ಮನೆ ಹೋದರೂ ಸರಿ, ಮಗನ ಮುಖ ಸಣ್ಣದಾಗಬಾರದು!

ಜೂನ್ ೧೧

ಮನೆ ಖಾಲಿ ಮಾಡಿದೆವು. ಕೊಂಡವರು ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು. ಕೆಡವಿ ಗೋಡೌನ್ ಮಾಡುತ್ತಾರಂತೆ. ಅದು ಖಂಡಿತ ಆಗುತ್ತದೆ. ಅದಕ್ಕೆ ಯಾರೂ ಚಿತ್ರ ಬಿಡಿಸಿಲ್ಲ.

ನಾನು ಅಮ್ಮ ಬಾಡಿಗೆ ಮನೆಗೆ. ಸ್ವಲ್ಪ ದಿನಕ್ಕೆ ಎಂದು ಅಣ್ಣ ಹಿಡಿದುಕೊಟ್ಟದ್ದು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ಬುಡದಲ್ಲಿ ಅಮ್ಮ ಮೇಲೆ ನೋಡಿ ನಿಂತುಬಿಟ್ಟಳು. ಅಣ್ಣ ಬೀರು ಇಳಿಸಿ ಬಂದವನು ಅವಳ ಮುಂದೆ ಬೆನ್ನು ಬಗ್ಗಿಸಿ ಕೂತ.

"ಹತ್ತಮ್ಮ. ಲಿಫ್ಟ್ ಬಂದಿದೆ. ಬಾಗಿಲು ಹುಷಾರು."

ಹೊತ್ತುಕೊಂಡು ಹತ್ತಿದ. ಪ್ರತಿ ಮಹಡಿಗೂ ಬಾಯಲ್ಲೇ 'ಟಿಂಗ್' ಎನ್ನುತ್ತಿದ್ದ. ಅಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಸುಳ್ಳು ಯಾಕೆ ಬರೆಯಲಿ?

ಅಕ್ಟೋಬರ್ ೫

ಸೈಟಿನಲ್ಲಿ ಗುಂಡಿ ತೋಡಿದ್ದಾರೆ. ಅಣ್ಣ ಭಾನುವಾರ ಬಂದವನು ಮೊದಲು ಅಮ್ಮನನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸುತ್ತಾನೆ, ಆಟೋದಲ್ಲಿ ಒಂದು ಸುತ್ತು ಕರೆದೊಯ್ಯುತ್ತಾನೆ, ಗುಂಡಿ ತೋರಿಸುತ್ತಾನೆ. "ಈ ಮೂಲೇಲಿ ಲಿಫ್ಟ್ ಬರುತ್ತಮ್ಮ. ಆ ಗುಂಡಿ ಆಳ ನೋಡಿದ್ರೇ ಗೊತ್ತಾಗುತ್ತೆ ನಂಗೆ." ನನ್ನ ಕಡೆ ನೋಡುತ್ತಾನೆ, ಈಗ ಏನಂತೀಯ ಎನ್ನುವ ಹಾಗೆ.

ನನ್ನ ಮಾತು ಸುಳ್ಳಾಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಜೀವನದಲ್ಲಿ ಮೊದಲ ಸಲ ಇರಬೇಕು.

ಜನವರಿ ೧೯ — ಹೊಸ ಡೈರಿ

ಯಂತ್ರಗಳು ಹೋದವು. ಗುಂಡಿಯಲ್ಲಿ ನೀರು ನಿಂತಿದೆ. ಸೇಲ್ಸ್ ಆಫೀಸಿಗೆ ಬೀಗ, ಬಾಗಿಲ ಮುಂದೆ ಒಣಗಿದ ಹೂಕುಂಡ. ಫೋನ್ ಮಾಡಿದರೆ ಹೆಣ್ಣುದನಿಯೊಂದು ನಮ್ಮ ಕರೆ ತಮಗೆ ಬಹಳ ಮುಖ್ಯ ಎನ್ನುತ್ತದೆ, ಆಮೇಲೆ ಸಂಗೀತ.

ಹೋರ್ಡಿಂಗ್ ಹಾಗೇ ಇದೆ. ಬಿಸಿಲಿಗೆ ಸ್ವೆಟರಿನ ನೀಲಿ ಬೂದು ಬಣ್ಣಕ್ಕೆ ತಿರುಗಿದೆ. ಅಣ್ಣ ಅಮ್ಮನಿಗೆ ಗುಂಡಿ ತೋರಿಸುವುದನ್ನು ಬಿಟ್ಟಿದ್ದಾನೆ. ಈಗ ಪಾರ್ಕಿಗೆ ಕರೆದೊಯ್ಯುತ್ತಾನೆ.

ಜುಲೈ ೨೭

ಬುಕ್ ಮಾಡಿದವರ ಸಭೆ. ಒಂದು ಬಾಡಿಗೆ ಹಾಲ್, ಕಬ್ಬಿಣದ ಕುರ್ಚಿಗಳು, ಕೀರಲು ಮೈಕ್. "ನಿಂಗೆ ಒಳಗಿನ ವಿಷಯ ಗೊತ್ತು, ಬಾ" ಎಂದು ಅಣ್ಣನೇ ನನ್ನನ್ನು ಕರೆದುಕೊಂಡು ಹೋದದ್ದು.

ಕಂಪನಿ ದಿವಾಳಿ. ಕಂಪನಿಯ ಲಾಯರ್ ಸಣ್ಣ ವಯಸ್ಸಿನವನು, ಇಸ್ತ್ರಿ ಮಾಡಿದ ಮಾತು. ಇದ್ದದ್ದರಲ್ಲಿ ಮೊದಲು ಬ್ಯಾಂಕಿಗೆ, ಉಳಿದರೆ ನಿಮಗೆ, ಉಳಿಯುವ ಹಾಗೆ ಕಾಣುವುದಿಲ್ಲ ಎಂದ. ಯಾರೋ ಎದ್ದು ಪಾಂಪ್ಲೆಟ್ ಬೀಸಿ ಕೂಗಿದರು: "ಇದೇನು ಮತ್ತೆ? ಈ ತೋಟ, ಈ ಕಾರಂಜಿ?"

ಅವನು ಅದನ್ನು ಇಸಿದುಕೊಂಡು ತೀರ ಕೆಳಗಿನ ಸಣ್ಣಕ್ಷರದ ಸಾಲು ಓದಿದ. "'ಚಿತ್ರವು ಕಲಾವಿದರ ಕಲ್ಪನೆ ಮಾತ್ರ.' ಕಂಪನಿ ಇಂಥದ್ದೇ ಕಟ್ತೀವಿ ಅಂತ ಎಲ್ಲೂ ಹೇಳಿಲ್ಲ. ಕಲಾವಿದರ ಕಲ್ಪನೆಗೆ ನಾವು ಜವಾಬ್ದಾರರಲ್ಲ."

"ಯಾವನ್ರೀ ಆ ಕಲಾವಿದ?" ಹಿಂದಿನ ಸಾಲಿನಿಂದ ಒಬ್ಬರು. "ಸಿಕ್ಕಿದ್ರೆ ಕೈ ಮುರೀತೀನಿ."

ಚಪ್ಪಾಳೆ ಬಿತ್ತು. ಅಣ್ಣ ಎದ್ದು ನಿಂತ. ಜಗಳ ಆಡುತ್ತಾನೆ, ನನ್ನ ಪರವಾಗಿ ಮಾತಾಡುತ್ತಾನೆ ಎಂದುಕೊಂಡೆ.

"ಇವಳೇ" ಎಂದ. "ನನ್ನ ತಂಗಿ."

ಇಡೀ ಹಾಲ್ ನನ್ನತ್ತ ತಿರುಗಿತು. ಯಾರೂ ಕೈ ಮುರಿಯಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು ಮೆಲ್ಲಗೆ, "ಆ ಕಾರಂಜಿ ನೋಡಿ ನಮ್ಮ ಮಗು ಕುಣೀತಿತ್ತು" ಎಂದಳು. ಅದಕ್ಕಿಂತ ಕೈ ಮುರಿದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಹೇಳಿದೆ, "ಅಮ್ಮನ ಮನೆ ಮಾರಿದ್ದು ನಾನಲ್ಲ."

"ಅಮ್ಮನ್ನ ಅಲ್ಲಿ ನಿಲ್ಲಿಸಿದ್ದು ನೀನು."

ಅವನು ಒಂದು ಬಸ್ ಹತ್ತಿದ. ನಾನು ಇನ್ನೊಂದು.

ಜುಲೈ ೨೮, ಬೆಳಗ್ಗೆ ೭

ನಾನು ಸುಳ್ಳು ಹೇಳಿಲ್ಲ. ಚೆನ್ನಾಗಿ ಬಿಡಿಸಿದೆ. ತಪ್ಪು ಅಂದರೆ ಅದೇ.

ನವೆಂಬರ್ ೧೪

ಅಣ್ಣ ಅವತ್ತಿನಿಂದ ಬಂದಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಾನೆ, ನಾನು ಆಫೀಸಿನಲ್ಲಿರುವ ಹೊತ್ತು ನೋಡಿ. ಅವನು ಬಾರದೆ ಅಮ್ಮ ಕೆಳಗೆ ಇಳಿದಿಲ್ಲ. ನಾನು ಹೊರುತ್ತೇನೆ ಎಂದು ಬೆನ್ನು ಕೊಟ್ಟೆ. "ನಿನ್ನ ಬೆನ್ನು ಮುರಿದ್ರೆ ಬಾಡಿಗೆ ಯಾರು ಕಟ್ತಾರೆ?" ಎಂದಳು. ಡಾಕ್ಟರೇ ಮೇಲೆ ಹತ್ತಿ ಬಂದು, ಏದುಸಿರು ಬಿಡುತ್ತ, ಅಮ್ಮನಿಗೆ ವ್ಯಾಯಾಮ ಸಾಲದು ಎಂದು ಹೇಳಿ ಹೋದರು.

ಇವತ್ತು ಬಾಸ್ ಕರೆದರು. ಮಾರುಕಟ್ಟೆ ರಸ್ತೆಯ ಸೈಟನ್ನು ಯಾರೋ ಹರಾಜಿನಲ್ಲಿ ಹಿಡಿದಿದ್ದಾರೆ. ಹೊಸ ಕಂಪನಿ, ಹೊಸ ಹೆಸರು. ಈ ಸಲ ಹದಿನೆಂಟು ಮಹಡಿ.

"ಹಳೇ ಫೈಲ್ ಇದೆಯಲ್ಲ. ಮೇಲೆ ಎಂಟು ಏರಿಸಿ. ಮತ್ತೆ ಆ ಅಜ್ಜಿ ಇರ್ಲಿ. ಹೊಸ ಕಂಪನಿಯವರು ಅಜ್ಜಿ ಇರ್ಬೇಕು ಅಂತಾನೇ ನಮಗೆ ಕೆಲಸ ಕೊಟ್ಟಿದ್ದು."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದಕ್ಕೂ ಬಾಡಿಗೆಯೇ ಕಾರಣ.

ನವೆಂಬರ್ ೧೫, ಬೆಳಗ್ಗೆ

ಅಮ್ಮನಿಗೆ ಹೇಳಿದೆ. ಬಯ್ಯಲಿ ಎಂದೇ ಹೇಳಿದ್ದು. ಇಷ್ಟು ದಿನ ಒಂದು ಮಾತೂ ಬಯ್ದಿಲ್ಲ ಅವಳು, ಅದೇ ತಡೆಯಲಾಗುತ್ತಿಲ್ಲ ನನಗೆ. ಅವಳು ಬೆಡ್‌ಶೀಟ್ ಮಡಿಸುತ್ತಿದ್ದಳು. ಒಂದು ತುದಿ ನನ್ನ ಕೈಗೆ ಕೊಟ್ಟಳು.

"ಹಾಕು. ಅದಕ್ಕೇನಂತೆ. ಆದ್ರೆ ಈ ಸಲ ಕೂರ್ಸು ಮಾರಾಯ್ತಿ. ನಿಂತೂ ನಿಂತೂ ಕಾಲು ಸೋತುಹೋಯ್ತು."

ನಗು ಬಂತು. ಅವಳು ನಗುತ್ತಿರಲಿಲ್ಲ. ಮಡಿಸಿದ್ದನ್ನು ಮಂಚದ ಮೇಲಿಟ್ಟು, ಆಮೇಲೆ ಹೇಳಿದಳು:

"ಅಣ್ಣನ್ನೂ ಪಕ್ಕದಲ್ಲಿ ಕೂರ್ಸು. ಇಲ್ಲಿಗಂತೂ ಬರಲ್ಲ ಅವನು."

ಸಂಜೆ ೪, ಆಫೀಸ್

ಕುರ್ಚಿ ಸಿಕ್ಕಿತು. ಬೆತ್ತದ್ದು. ಅಮ್ಮ ಕೂತಿರುವ ಇನ್ನೊಂದು ಫೋಟೊ ತೆಗೆದು, ಬೆನ್ನಿಗೆ ದಿಂಬು ಇಟ್ಟು ಕೂರಿಸಿದೆ. ಬಿಸಿಲು ಕಣ್ಣಿಗೆ ಬೀಳದ ಹಾಗೆ ಸೂರ್ಯನನ್ನು ಸ್ವಲ್ಪ ಆಚೆ ಸರಿಸಿದೆ.

ಅಣ್ಣನ ಫೋಟೊ ಹುಡುಕುವುದೇ ಕಷ್ಟವಾಯಿತು. ಎಲ್ಲದರಲ್ಲೂ ನಿಂತಿದ್ದಾನೆ, ಇಲ್ಲ ಏನಾದರೂ ಹೊತ್ತಿದ್ದಾನೆ. ಕೂತದ್ದು ಒಂದೇ — ಹಳೇ ಮನೆಯ ಮೆಟ್ಟಿಲ ಮೇಲೆ, ಬೂಟಿನ ಲೇಸ್ ಬಿಚ್ಚುತ್ತ, ತಲೆಯೆತ್ತಿ ನಗುತ್ತಿದ್ದಾನೆ. ಕತ್ತರಿಸಲು ಶುರುಮಾಡಿದೆ. ಮೆಟ್ಟಿಲು ತೆಗೆದೆ. ಗೋಡೆ ತೆಗೆದೆ. ಪಕ್ಕದಲ್ಲಿ ನಾನಿದ್ದೆ, ನನ್ನನ್ನೂ ತೆಗೆದೆ. ಕೈ ಮಾತ್ರ ಉಳಿದಿದೆ. ಅವನ ಹೆಗಲ ಮೇಲಿರುವ ನನ್ನ ಕೈ. ಅದನ್ನು ತೆಗೆದರೆ ಅವನ ಹೆಗಲೂ ಹೋಗುತ್ತದೆ. ಕೈ ಹಾಗೇ ಬಿಟ್ಟೆ.