ನಾನಾಡದ ಮಾತು

ಗಂಗಾವತಿ
ಮಾರ್ಚ್ 12, 2026

ಗೆಳೆಯ ಕರಿಬಸಪ್ಪನಿಗೆ ನಿನ್ನ ರಾಜಾಸಾಬ ಮಾಡುವ ಶರಣು.

ನಾವಿಲ್ಲಿ ಕ್ಷೇಮ. ನೀನು, ಮಗಳು ಲಲಿತಾ, ಅಳಿಯ, ಮೊಮ್ಮಗಳು ಎಲ್ಲರೂ ಕುಷ್ಟಗಿಯಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮನೆಯಾಕೆ ವಿರೂಪಾಕ್ಷಮ್ಮ ವೈನಿ ತೀರಿಕೊಂಡ ವಾರದಲ್ಲೇ ಬರೆಯಬೇಕಿದ್ದ ಕಾಗದ ಇದು. ತಡವಾಯಿತೆಂದು ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ, ಪೊಲೀಸರ ಕೈಯಲ್ಲಿರುವ ಕೇಸು ಒಂದು ದಡ ಮುಟ್ಟಲಿ, ಬರಿಗೈಯಲ್ಲಿ ಏನು ಹೇಳುವುದು ಎಂದು ಎದ್ದುಬಿಡುತ್ತಿದ್ದೆ. ಈಗ ಫೋನಿನಲ್ಲಿ ಬಂದ ಯಾವುದನ್ನೂ ನೀನು ನಂಬುವುದಿಲ್ಲ ಎಂದು ಲಲಿತಾ ನನ್ನ ಮಗಳು ಮುಬಾಶಿರಾಗೆ ಹೇಳಿದಳಂತೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅವಸರದಲ್ಲಿ ತಲೆಕಟ್ಟು ಮರೆಯುವ ನನ್ನ ಅಕ್ಷರ ನೋಡಿ ನೀನು ನಗುತ್ತಿದ್ದೆಯಲ್ಲ, ಇದು ಅದೇ ಅಕ್ಷರ.

ಊರಿನ ಸುದ್ದಿ ಅಂಥದ್ದೇನಿಲ್ಲ. ನನ್ನ ಮನೆಯಾಕೆ ಜೈನಾಬೀಗೆ ಮೊಣಕಾಲು ನೋವು ಹೆಚ್ಚಾಗಿದೆ, ಆದರೂ ಮೆಟ್ಟಿಲು ಹತ್ತುವುದನ್ನು ಬಿಡುವುದಿಲ್ಲ. ನಮ್ಮ ಆಟೋ ಕೊಂಡವನು ಅದರಲ್ಲಿ ಕಾಯಿಪಲ್ಲೆ ಮಾರುತ್ತಾನೆ. ಮೇಲೆ ಮೈಕು ಕಟ್ಟುತ್ತಿದ್ದ ಕಬ್ಬಿಣದ ಕಂಬಿಗೆ ಈಗ ಬಾಳೆಗೊನೆ ನೇತುಹಾಕುತ್ತಾನೆ. ಎದುರಿಗೆ ಸಿಕ್ಕಾಗ ನಾನು ಡ್ರೈವರ್ ಸೀಟನ್ನೇ ನೋಡುತ್ತೇನೆ. ನೀನಿರುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತೇನೆ.

ಇಪ್ಪತ್ತೈದು ವರ್ಷ ನೀನು ಗಾಡಿ ಹೊಡೆದೆ, ನಾನು ಮೈಕು ಹಿಡಿದೆ. ಸೀರೆ ಅಂಗಡಿಯ ರಿಯಾಯಿತಿ, ನಳದ ನೀರು ಬಾರದ ಸುದ್ದಿ, ಕಳೆದುಹೋದ ಕೂಸು, ಹೊಸ ಸಿನಿಮಾ, ಎಲ್ಲವನ್ನೂ ಕೂಗಿದೆವು. ಸಾವಿನ ಸುದ್ದಿಯಾದರೆ, ನಾನು ಹೇಳುವ ಮೊದಲೇ ನೀನು ಗಾಡಿ ನಿಧಾನ ಮಾಡುತ್ತಿದ್ದೆ. ಕನಕಗಿರಿಯಿಂದ ಒಬ್ಬ ಫೋನು ಮಾಡಿ, ತಮ್ಮ ದೊಡ್ಡಪ್ಪ ತೀರಿಕೊಂಡಿದ್ದಾರೆ, ಸಂತೆ ತುಂಬ ಸಾರಿ ಎಂದದ್ದು ನೆನಪಿದೆಯೇ? ನೀನು, “ಮೊದಲ ಮನೀಗೆ ಹೋಗಿ ನೋಡೂಣು, ಆಮ್ಯಾಲ ಮೈಕು” ಎಂದೆ. ಹೋಗಿ ನೋಡಿದರೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಎಲಿ ಅಡಿಕಿ ಹಾಕುತ್ತಿದ್ದ. ಅಣ್ಣತಮ್ಮಂದಿರ ಜಗಳದಲ್ಲಿ ಯಾರೋ ಅವನನ್ನು ಬಾಯಿಮಾತಿನಲ್ಲೇ ಸಾಯಿಸಿದ್ದರು. ಆತ ನಮಗೆ ಚಹಾ ಕುಡಿಸಿ, “ನಾ ಖರೇನ ಸತ್ತಾಗ ನೀವ ಬಂದು ಹೇಳ್ರಪಾ” ಎಂದು ಕಳಿಸಿದ. ಅಂದಿನಿಂದ ಕಣ್ಣಾರೆ ನೋಡದೆ ಯಾರ ಸಾವನ್ನೂ ನಾವು ಸಾರಲಿಲ್ಲ.

ಆಮೇಲೆ ಲಲಿತಾಗೆ ಕೆಲಸ ಸಿಕ್ಕು ನೀವಿಬ್ಬರೂ ಅವಳ ಜೊತೆ ಕುಷ್ಟಗಿಗೆ ಹೋದಿರಿ. ನನ್ನ ಗಂಟಲಿನಲ್ಲಿ ಗಂಟಾಯಿತು. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕತ್ತಿನಲ್ಲಿ ಒಂದು ತೂತು, ಅಲ್ಲಿಂದಲೇ ಉಸಿರು. ಬಾಯಿ ತೆರೆದರೆ ತುಟಿ ಅಲುಗುತ್ತದೆ, ಸದ್ದಿಲ್ಲ. ಎಲ್ಲಿ ಹೋದರೂ ಚೀಲದಲ್ಲಿ ಪಾಟಿ, ಬಳಪ. ನೀನು ನೋಡಲು ಬಂದಾಗ ಅಲ್ಲೇ ಬರೆದು ತೋರಿಸಿದ್ದೆ: “ಇನ್ನು ನೀನೇ ಮಾತಾಡು.”

ವೈನಿಯ ಮಣ್ಣಿಗೆ ಬಂದ ದಿನ ನನಗೆ ಏನೂ ಗೊತ್ತಿರಲಿಲ್ಲ, ಕರಿಬಸಪ್ಪ. ಸಕ್ಕರೆ ಕಾಯಿಲೆ ಏರಿತು ಎಂದಷ್ಟೇ ಕೇಳಿದ್ದೆ. ನಿನ್ನ ಭುಜದ ಮೇಲೆ ಕೈ ಇಟ್ಟೆ. ನೀನು ಕೈ ಸರಿಸಿ, ಎಲ್ಲರ ಎದುರಿಗೆ ಕೇಳಿದೆ: “ಎಷ್ಟಕ್ಕ ಮಾರಿದಿಲೇ ನಿನ್ನ ದನೀನ?” ನನಗೆ ತಿಳಿಯಲಿಲ್ಲ. ಬಾಯಿ ತೆರೆದೆ. ಕತ್ತಿನ ತೂತಿನಿಂದ ಗಾಳಿ ಬಂತು. ಪಾಟಿಯ ಚೀಲವನ್ನು ಹೊರಗೆ ಜೈನಾಬೀ ಕೈಯಲ್ಲಿ ಕೊಟ್ಟು ಒಳಗೆ ಬಂದಿದ್ದೆ. ಅದನ್ನು ತರುವಷ್ಟರಲ್ಲಿ ನೀನು ಬೆನ್ನು ತಿರುಗಿಸಿ ಹೆಣದ ಹತ್ತಿರ ಕೂತಿದ್ದೆ. ಅಂಥ ಹೊತ್ತಿನಲ್ಲಿ ನಿನ್ನ ಮುಖದ ಮುಂದೆ ಪಾಟಿ ಹಿಡಿಯಲು ನನಗೆ ಮನಸ್ಸು ಬರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಮುಬಾಶಿರಾ, ವೈನಿ ಸೂಜಿ ಬಿಟ್ಟದ್ದು ಇದನ್ನು ಕೇಳಿಯೇ ಎಂದು ಲಲಿತಾ ಹೇಳಿದ ಆಡಿಯೋ ಹುಡುಕಿ ಕೇಳಿಸಿದಳು. “ತಾಯಂದಿರ, ಅಣ್ಣಾರ, ನಾನು ಗಂಗಾವತಿ ರಾಜಾಸಾಬ ಹೇಳಾಕತ್ತೀನಿ. ಸಕ್ಕರಿ ಬ್ಯಾನಿಗೆ ಇನ್ನ ಸೂಜಿ ಬ್ಯಾಡ, ಗುಳಗಿ ಬ್ಯಾಡ. ಈ ಪುಡಿ ತಗೊಳ್ರಿ, ನನ್ನ ಮನಿಯಾಕಿನೂ ಇದನ್ನ ತಗೋತಾಳ.” ನಾನು ಉಸಿರು ಎಳೆಯುವ ಜಾಗ, ‘ತಾಯಂದಿರ’ ಎನ್ನುವಾಗ ಎಳೆಯುವ ರಾಗ, ಎಲ್ಲ ನನ್ನದೇ. ಒಂದು ಮಾತೂ ನಾನಾಡಿದ್ದಲ್ಲ. ಮೊದಲು ನನಗೆ ಬಂದದ್ದು ಸಿಟ್ಟಲ್ಲ. ಆಪರೇಷನ್ ಆದಮೇಲೆ ನನ್ನ ದನಿಯನ್ನು ನಾನು ಕೇಳಿರಲಿಲ್ಲ. ಒಂದು ಗಳಿಗೆ ನನಗೆ ಸಂತೋಷವಾಯಿತು. ವೈನಿಯನ್ನು ಮಣ್ಣು ಮಾಡಿ ಬಂದ ದಿನ, ಆಕೆಯನ್ನು ಕೊಂದ ಮಾತು ಕೇಳಿ ಸಂತೋಷವಾಯಿತಲ್ಲ ಎಂದು ಅದರ ಹಿಂದೆಯೇ ನಾಚಿಕೆಯಾಯಿತು. ಬಸ್ಸು ನಿಲ್ಲಿಸಿ ಇಳಿದೆ.

ಮರುದಿನವೇ ಠಾಣೆಗೆ ಹೋದೆವು. ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಆಡಿಯೋ ಕೇಳಿ, “ಯಜಮಾನ್ರ, ಇದು ನಿಮ್ಮ ದನಿ ಅಂತ ಹೆಂಗ ತೋರಸ್ತೀರಿ? ಒಂದ ಮಾತು ಆಡ್ರಿ, ಹೊಂದಿಸಿ ನೋಡೂಣು” ಎಂದರು. ಆಮೇಲೆ ನನ್ನ ಕತ್ತಿನ ತೂತು ನೋಡಿ ಚಹಾ ತರಿಸಿದರು. “ಮೋಸದ ಔಷಧ ಮಾರಿದ್ದಕ್ಕ ಕೇಸ್ ಹಾಕ್ತೀನ್ರಿ. ಆದ್ರ ದನಿ ಕದ್ದದ್ದಕ್ಕ ಯಾವ ಕಲಂ ಹಾಕಬೇಕು ಅಂತ ಮ್ಯಾಲಿನವರನ್ನ ಕೇಳಬೇಕಾಗ್ತೈತಿ” ಎಂದರು.

ಕೊಪ್ಪಳದ ಸೈಬರ್ ಠಾಣೆಯವರು ಮೂಲ ಹುಡುಕಿದರು. ನಾನು ಜಾಹೀರಾತು ಓದುತ್ತಿದ್ದ ರೆಕಾರ್ಡಿಂಗ್ ಅಂಗಡಿಯ ಪ್ರಭುರಾಜನೇ ನನ್ನ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಪುಡಿ ಮಾರುವವರಿಗೆ ಕೊಟ್ಟಿದ್ದ. ಅವರು ಅದನ್ನು ಕೃತಕ ಬುದ್ಧಿಮತ್ತೆಯ ಒಂದು ಆ್ಯಪಿಗೆ ಉಣಿಸಿದರು. ಅಷ್ಟೇ ಸಾಕಂತೆ. ಅಕ್ಷರ ಟೈಪು ಮಾಡಿದರೆ ನನ್ನ ದನಿ ಓದುತ್ತದೆ. ಪ್ರಭುರಾಜ ಮನೆಗೆ ಬಂದು ಅತ್ತ. “ಕಾಕಾ, ನಿಮ್ಮ ದನಿ ಹೋಗೇತಿ, ಹಿಂಗರ ಊರಾಗ ಉಳೀಲಿ ಅಂತ ಕೊಟ್ಟೆ. ಸೀರಿ ಅಂಗಡಿ ಜಾಹೀರಾತಿಗೆ ಅಂದಿದ್ರು” ಎಂದ. ಸುಳ್ಳು ಹೇಳುತ್ತಿದ್ದಾನೆ ಎನಿಸಲಿಲ್ಲ. ಆದರೂ ಅವನಿಗೆ ನೀರು ಕೊಡು ಎಂದು ಜೈನಾಬೀಗೆ ಸನ್ನೆ ಮಾಡಲು ನನ್ನ ಕೈ ಏಳಲಿಲ್ಲ.

ಕಳೆದ ತಿಂಗಳು ಕೊಪ್ಪಳದಲ್ಲಿ ವಕೀಲರು ಸೇರಿ ಒಂದು ಸಭೆ ಮಾಡಿದರು, ಯಂತ್ರ ಮಾಡಿದ ದನಿ, ಚಿತ್ರಗಳಿಂದ ಮೋಸಹೋದವರ ಮಾತು ಕೇಳಲು. ಲಲಿತಾ ಬಂದಿದ್ದಳು. ನೀನೂ ಬರಬಹುದೆಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಪ್ರತಿ ಸಲ ಬಾಗಿಲು ಕಿರುಗುಟ್ಟಿದಾಗ ತಿರುಗಿದೆ.

ಲಲಿತಾ ಅಳಲಿಲ್ಲ. ಎದ್ದು ನಿಂತು ಹೇಳಿದಳು: “ಸೂಜಿ ಬಿಡಬ್ಯಾಡ ಅಂತ ಅವ್ವಗ ನಾನೂ ಅಪ್ಪನೂ ಕೈ ಮುಗಿದು ಹೇಳಿದ್ವಿ. ಅಕಿ ಕೇಳಲಿಲ್ಲ. ‘ರಾಜಾಸಾಬ ದನಿ ಹೋಗೂ ಮೊದಲ ಹೇಳಿಟ್ಟದ್ದು ಇದು. ಅಂವ ಸುಳ್ಳು ಹೇಳಾಂವಲ್ಲ. ಸತ್ತೋರನ್ನ ಸೈತ ನೋಡಿ ಬಂದು ಹೇಳಾಂವ’ ಅಂದ್ಲು. ಡಾಕ್ಟರಕಿಂತಾ ಆ ದನೀನ ಹೆಚ್ಚು ನಂಬಿದ್ಲು.” ಅಷ್ಟು ಹೇಳಿ ಕೂತಳು. ಇಷ್ಟು ವರ್ಷ ನಾವಿಬ್ಬರೂ ಸೇರಿ ಗಳಿಸಿದ ನಂಬಿಕೆಯೇ ವೈನಿಯನ್ನು ತಿಂದಿತೆಂದು ನನಗೆ ಗೊತ್ತಾದದ್ದು ಆಗಲೇ.

ಒಬ್ಬ ವಕೀಲರು ವಿವರಿಸಿದರು. ಯಂತ್ರ ಮಾಡಿದ ದನಿಗೆ, ಚಿತ್ರಕ್ಕೆ ಅದು ಅಂಥದ್ದೆಂದು ಗುರುತು ಹಾಕಬೇಕೆಂದು ದಿಲ್ಲಿಯಿಂದ ನಿಯಮ ಬಂದಿದೆಯಂತೆ. “ಆದ್ರ ಅದು ಇಂಟರ್‌ನೆಟ್ಟಿನವರಿಗ್ರಿ. ಓಣ್ಯಾಗ ಮೈಕು ಕಟ್ಟಿಕೊಂಡು ತಿರಗೋ ಆಟೋದಾಗ ಯಾರು ನೋಡ್ತಾರ?” ಎಂದರು. ನನ್ನ ಸರದಿ ಬಂದಾಗ ಪಾಟಿಯ ಮೇಲೆ ಬರೆದೆ, ಮುಬಾಶಿರಾ ಓದಿದಳು: “ನಾವು ಮನೆಗೆ ಹೋಗಿ ನೋಡುತ್ತಿದ್ದೆವು. ನೋಡದೆ ಸಾರುವವನ ಕೈಗೆ ಮೈಕು ಕೊಡಬಾರದು. ಒಬ್ಬನ ದನಿ ಬಳಸುವ ಮುಂಚೆ ಅವನನ್ನು ಕೇಳಬೇಕು. ದನಿ ಕದಿಯುವುದು ಬರೀ ಮೋಸವಲ್ಲ, ಅದಕ್ಕೇ ಬೇರೆ ಶಿಕ್ಷೆ ಬೇಕು.” ಸಭೆಯವರು ಬರೆದುಕೊಂಡರು. ಮೇಲಕ್ಕೆ ಕಳಿಸುತ್ತಾರಂತೆ.

ಪುಡಿಯವರು ಮೂವರು ಸಿಕ್ಕಿಬಿದ್ದು ಜಾಮೀನಿನ ಮೇಲೆ ಹೊರಗಿದ್ದಾರೆ. ವಿಚಾರಣೆ ಶುರುವಾಗಬೇಕು. ಪ್ರಭುರಾಜನ ಅಂಗಡಿಯಲ್ಲಿದ್ದದ್ದನ್ನೆಲ್ಲ ಪೊಲೀಸರು ವಶಕ್ಕೆ ತೆಗೆದುಕೊಂಡರು. ಆದರೆ ಅದರ ಪ್ರತಿಗಳು ಎಲ್ಲೆಲ್ಲಿ ಹೋಗಿವೆಯೋ. ಮೊನ್ನೆ ಮಾರ್ಕೆಟ್ಟಿನಲ್ಲಿ ಒಂದು ಆಟೋ ನನ್ನ ದನಿಯಲ್ಲಿ ಗಾದಿ, ದಿಂಬು ಮಾರುತ್ತಾ ಹೋಯಿತು. ಓಡಿಹೋಗಿ ಅಡ್ಡ ನಿಂತೆ. ಡ್ರೈವರ್ ಹುಡುಗ, “ಫೋನ್‌ನಾಗ ಬಂದಿದ್ದು ಹಚ್ಚೇನ್ರಿ ಯಜಮಾನ್ರ, ಯಾರ ದನೀನೋ ಏನೋ” ಎಂದ. ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ಅವನಿಗೆ ತಿಳಿಯಲಿಲ್ಲ. ಹಾರ್ನು ಹೊಡೆದು ಹೋದ.

ನೀನು ಅಂದು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಕರಿಬಸಪ್ಪ. ನಾನು ಮಾರಲಿಲ್ಲ. ಆದರೂ ವೈನಿ ಕೇಳಿದ್ದು ನನ್ನ ದನಿಯನ್ನೇ. ಈ ಎರಡೂ ನಿಜ. ಎರಡನ್ನೂ ಎದೆಯಲ್ಲಿಟ್ಟುಕೊಂಡು ಹೇಗಿರಬೇಕೋ ನನಗೆ ತಿಳಿಯುತ್ತಿಲ್ಲ. ಮೊದಲೆಲ್ಲ ಹೀಗೆ ತಿಳಿಯದಿದ್ದಾಗ ನಿನ್ನ ಪಕ್ಕದಲ್ಲಿ ಕೂತು ಮರಳಿ ಹಳ್ಳಿಯ ತನಕ ಹೋಗಿ ಬರುತ್ತಿದ್ದೆ. ಗದ್ದೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮೈಕು ಬಂದ್ ಇರುತ್ತಿತ್ತು. ನೀನೂ ಮಾತಾಡುತ್ತಿರಲಿಲ್ಲ. ಈಗ ಹಾಗೆ ಕೂಡಲು ನನ್ನಷ್ಟು ತಯಾರಾದವನು ಬೇರೆ ಯಾರಿದ್ದಾರೆ?

ಒಂದು ಕಾರ್ಡಿನಲ್ಲಿ ‘ಬಾ’ ಎಂದು ಬರೆ, ಸಾಕು. ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ಬರೆಯದಿದ್ದರೂ ನಿನ್ನ ಮೇಲೆ ನನಗೆ ಬೇಸರವಿಲ್ಲ. ಲಲಿತಾಗೆ, ಮೊಮ್ಮಗಳಿಗೆ ಈ ಮುದುಕನ ಆಶೀರ್ವಾದ ಮುಟ್ಟಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆಯ ದೇವರೂ ನನ್ನ ಮನೆಯ ದೇವರೂ ಸೇರಿ ನಿನ್ನನ್ನು ಕಾಯಲಿ.

ನಿನ್ನ
ರಾಜಾಸಾಬ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ದನಿ ಕಳೆದುಕೊಂಡವರಿಗೆಂದೇ ಅವರ ಹಳೆಯ ದನಿಯಲ್ಲಿ ಮಾತಾಡುವ ವ್ಯವಸ್ಥೆ ಇದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮುಬಾಶಿರಾ ಅದನ್ನು ನನ್ನ ಹೊಸ ನಂಬರಿನ ಫೋನಿಗೆ ಹಾಕಿಸಿದ್ದಳು. ನಾನು ಮುಟ್ಟಿರಲಿಲ್ಲ. ಕೊಪ್ಪಳದ ಸಭೆಗೆ ನೀನು ಬಾರದ ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ನಿನ್ನ ನಂಬರು ಒತ್ತಿ, ಟೈಪು ಮಾಡಿ ಕೇಳಿಸಿದೆ: “ಕರಿಬಸಪ್ಪಾ, ನಾನೋ ರಾಜಾ. ಊಟ ಆತೇನು?” ನಿನ್ನ ಉಸಿರು ಕೇಳುತ್ತಿತ್ತು. ಆಮೇಲೆ, “ಅಕಿನ್ನ ತಿಂದದ್ದು ಸಾಕಾಗಲಿಲ್ಲೇನು ನಿಮಗ?” ಎಂದು ಇಟ್ಟುಬಿಟ್ಟೆ. ಆ ಫೋನು ಮಾಡಿದವನು ನಾನೇ ಕರಿಬಸಪ್ಪ.