ಎರಡನೇ ಸಲದ ಬೆರಗು

ಒಂಟಿಕೊಪ್ಪಲ್, ಮೈಸೂರು
೨೦ ಮೇ ೨೦೨೫, ಮಂಗಳವಾರ

ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿ ಸುಖವಾಗಿರುವ ವಾಗೀಶರಿಗೆ,

ಚೂಡಾಮಣಿಯ ನಮಸ್ಕಾರ. ನಾನು ಇಲ್ಲಿ ಕ್ಷೇಮವಾಗಿಲ್ಲ, ಅದಕ್ಕೆ ನೀವೇ ಕಾರಣ. ಫೋನ್ ಮಾಡೋಣವೆಂದರೆ ನಿಮ್ಮ ದನಿ ಕೇಳಿದೊಡನೆ ಬೈಯಬೇಕೆಂದುಕೊಂಡದ್ದರಲ್ಲಿ ಅರ್ಧ ಮರೆತುಹೋಗುತ್ತದೆ. ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನೆನ್ನೆ ಅಪೂರ್ವಳಿಗೆ ಕಾಲೇಜು ತೋರಿಸಲು ಕರೆದುಕೊಂಡು ಹೋಗಿದ್ದೆ. ಬ್ಯಾಂಕಿಗೆ ರಜೆ ಹಾಕಿ, ಆ ನೀಲಿ ಸೀರೆ ಉಟ್ಟು, ಪುಳಿಯೋಗರೆ ಕಟ್ಟಿಕೊಂಡು. ನೀವು ಬೇರೆ ಹೋದಾಗಿನಿಂದ ಮಗಳ ಜ್ವರ, ಪರೀಕ್ಷೆ, ಸಿಡುಕು ಎಲ್ಲ ನನ್ನ ಪಾಲಿಗೆ. ಭಾನುವಾರದ ಐಸ್‌ಕ್ರೀಮು ನಿಮ್ಮ ಪಾಲಿಗೆ. ಕಾಲೇಜನ್ನು ಮೊದಲು ತೋರಿಸುವ ಸಂತೋಷವಾದರೂ ನನ್ನದಾಗಲಿ ಅಂದುಕೊಂಡಿದ್ದೆ.

ಅವಳೂ ಎಷ್ಟು ಚೆನ್ನಾಗಿ ಬೆರಗಾದಳು! ಗೇಟಿನಲ್ಲೇ, ಅಬ್ಬಾ ಎಷ್ಟು ದೊಡ್ಡದಮ್ಮಾ ಅಂದಳು. ಲೈಬ್ರರಿಯ ಎತ್ತರದ ಕಿಟಕಿ ಕಂಡು ಬಾಯಿ ಬಿಟ್ಟಳು. ಬಿ.ಕಾಂ. ತರಗತಿಗಳನ್ನು ತೋರಿಸಿ, ಇಲ್ಲಿ ಓದಿ ಸಿ.ಎ. ಮಾಡಿಬಿಟ್ಟರೆ ಯಾರ ಹಂಗೂ ಇಲ್ಲ ಕಣೆ ಅಂದೆ. ಹೂಂ ಕಣಮ್ಮ ಅಂದಳು. ನಾನು ಉಬ್ಬಿಹೋದೆ.

ಹಿಂದಿನ ಮೆಟ್ಟಿಲು ಇಳಿಯುವಾಗ ನನ್ನ ಮೊಳಕೈ ಹಿಡಿದು, ಆ ಕಲ್ಲು ಅಲ್ಲಾಡುತ್ತೆ, ಈ ಕಡೆ ಬಾ ಅಂದಳು. ನೋಡಿದರೆ ಅದು ಎಲ್ಲ ಕಲ್ಲಿನ ಹಾಗೇ ಇತ್ತು. ಇವಳಿಗೆ ಹೇಗೆ ಗೊತ್ತಾಯಿತಪ್ಪಾ ಅನ್ನಿಸಿತು.

ಅಲ್ಲಿನ ಕ್ಯಾಂಟೀನಿನಲ್ಲಿ ಹುಚ್ಚಣ್ಣ ಅಂತ ಒಬ್ಬರು ಕಾಫಿ ಕೊಡುತ್ತಾರೆ. ಅವಳನ್ನು ಕಂಡದ್ದೇ ಮುಖ ಅರಳಿಸಿ, "ಏನ್ ಮಗಾ, ಮತ್ತೆ ಬಂದ್ಬುಟ್ಟೆ! ಅಪ್ಪಾರ ಕಾಲು ಎಂಗದೆ? ಅವತ್ತು ಮೆಟ್ಲ ಮೇಲೆ ಮುಗ್ಗರಿಸಿದ್ರಲ್ಲಾ" ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ ಪುಣ್ಯಾತ್ಮ. "ಗಿಡಗಳ ಕ್ಲಾಸಿಗೇ ಸೇರೋದು ತಾನೆ? ಅಪ್ಪ ಮಗಳು ಆ ತೋಟ್ದಲ್ಲಿ ಒಂದೊಂದು ಎಲೆನೂ ಮಾತಾಡಿಸ್ಕೊಂಡು ಕೂತಿದ್ರಿ" ಅಂದರು.

ಅಪೂರ್ವಳ ಮುಖ ಬಿಳುಚಿತು. ನಾನು ನಗುನಗುತ್ತಾ, ಕಾಲು ವಾಸಿಯಾಗಿದೆ ಕಣ್ರೀ ಅಂದೆ. ನಿಮ್ಮ ಕಾಲು ವಾಸಿಯಾಗಿದೆಯೋ ಮುರಿದಿದೆಯೋ ನನಗೇನು ಗೊತ್ತು!

ಹೌದು, ಹೊಟ್ಟೆಕಿಚ್ಚೇ. ಬರೆದೇಬಿಡುತ್ತೇನೆ. ನೀವು ಮೊದಲು ಹೋದಿರೆಂದಷ್ಟೇ ಅಲ್ಲ. ತನಗೆ ಏನು ಇಷ್ಟವೋ ಅದನ್ನು ನಿಮಗೆ ಹೇಳಿದ್ದಾಳೆ, ನನಗೆ ಏನು ಇಷ್ಟವೋ ಅದನ್ನು ನನಗೆ ಹೇಳಿದ್ದಾಳೆ. ನಿಮ್ಮ ಜೊತೆ ಆ ತೋಟದಲ್ಲಿ ಬಿದ್ದು ಬಿದ್ದು ನಕ್ಕಿರಬೇಕು. ನನ್ನ ಜೊತೆ, ಪಾಪ, ಬೆಳಗಿನಿಂದ ಬೆರಗಾಗುವ ಕೆಲಸ ಮಾಡಿದ್ದಾಳೆ. ಹೆತ್ತ ಮಗಳು ನನಗೆ ಹೆದರುತ್ತಾಳೆಂದು ಕಾಫಿ ಕೊಡುವವರಿಂದ ತಿಳಿಯಬೇಕಾಯಿತು ನೋಡಿ.

ಬಸ್ಸಿನಲ್ಲಿ ಅತ್ತಳು. ಗೆಳತಿ ನಯನಾಳ ಮನೆಗೆಂದು ಸುಳ್ಳು ಹೇಳಿ ನಿಮ್ಮೊಡನೆ ಹೋಗಿದ್ದನ್ನು ಒಪ್ಪಿಕೊಂಡಳು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣಮ್ಮ ಅಂದಳು. ನಾನು ಕಿಟಕಿ ಕಡೆ ತಿರುಗಿ ಕೂತೆ. ಪುಳಿಯೋಗರೆ ಡಬ್ಬಿ ಹಾಗೇ ವಾಪಸು ಬಂತು.

ಮುಂದಿನ ವಾರ ಅಡ್ಮಿಷನ್. ನೀವು ಆ ಕಡೆ ತಲೆ ಹಾಕಬೇಡಿ. ಅವಳು ಏನು ಓದಬೇಕೆಂಬುದನ್ನು ನಾನು ನೋಡಿಕೊಳ್ಳುತ್ತೇನೆ. ಕಾಲು ಹೇಗಿದೆ ಅಂತ ಮಾತ್ರ ಒಂದು ಸಾಲು ಬರೆಯಿರಿ; ಹುಚ್ಚಣ್ಣ ಮತ್ತೆ ಕೇಳಿದರೆ ಹೇಳಬೇಕಲ್ಲ.

ಇಂತಿ,
ಅಪೂರ್ವಳ ತಾಯಿ
ಚೂಡಾಮಣಿ

ತಾ.ಕ.: ಕವರು ಅಂಟಿಸುವ ಮೊದಲು ಅವಳ ಕೋಣೆಗೆ ಹೋಗಿ, ಬಿ.ಕಾಂ. ಬೇಡ, ಗಿಡಗಳನ್ನೇ ಓದು ಅಂದುಬಂದೆ. ನನ್ನನ್ನು ಹಾಗೇ ನೋಡಿದಳು, ಆಮೇಲೆ ಬಂದು ತಬ್ಬಿಕೊಂಡಳು. ಈ ಬೆರಗು ನಿಜದ್ದು, ನಾನೇ ಮೊದಲು ನೋಡಿದೆ. ಭಾನುವಾರ ನಿಮ್ಮೆದುರಿಗೇ ಹೇಳುತ್ತಾಳಂತೆ. ಆಗ ಏನೂ ಗೊತ್ತಿಲ್ಲದವರ ಹಾಗೆ ಬೆರಗಾಗಿ. ನನಗಾಗಿ ಅವಳು ಒಂದಿಡೀ ಕಾಲೇಜಿಗೆ ಬೆರಗಾದಳು; ನೀವು ಒಂದು ಮಾತಿಗೆ ಆದರೆ ಸಾಕು.